ಒಂದೇ ತುದಿ ಕಪ್ಪು

ಬೆಳಕು ಹರಿಯುವುದರೊಳಗೆ ಅವಳು ನೀರು ತುಂಬಬೇಕು, ಅತ್ತೆಯ ಸ್ನಾನಕ್ಕೆ ಒಲೆ ಹಚ್ಚಬೇಕು, ಎಲ್ಲರ ತಿಂಡಿ ಆಗಬೇಕು, ಮೈದುನನ ಅಂಗಿಗೆ ಇಸ್ತ್ರಿ ಹಾಕಬೇಕು, ಮುಂದಿನ ಕೋಣೆಯ ಪಂಪು ಚಾಲೂ ಮಾಡಬೇಕು. ಇದರಲ್ಲಿ ಕೊನೆಯದನ್ನು ಮಾತ್ರ ಆ ಮನೆಯವರು ಕೆಲಸ ಎನ್ನುತ್ತಿದ್ದರು.

ಅಂಗಡಿಗಳಿಗೆ ನಿಯಾನ್ ಬೋರ್ಡು ಮಾಡುವ ಮನೆ ಅದು. ಗಂಡ ಗಾಜಿನ ಕೊಳವೆಯನ್ನು ಉರಿಯಲ್ಲಿ ಬಗ್ಗಿಸಿ ಅಕ್ಷರ ಮಾಡುತ್ತಾನೆ. ಎರಡೂ ತುದಿಗೆ ಕರೆಂಟು ಹಾಯುವ ಲೋಹದ ಎಲೆಕ್ಟ್ರೋಡ್ ಬೆಸೆದು, ಪಂಪಿನಿಂದ ಒಳಗಿನ ಗಾಳಿ ಎಳೆದು, ಅನಿಲ ತುಂಬಿ ಬಾಯಿ ಮುಚ್ಚುವುದು ಅವಳ ಪಾಲು. ಈಚೆಗೆ ಟ್ಯೂಬುಗಳು ವಾಪಸು ಬರತೊಡಗಿದ್ದವು. ಉರಿದರೆ ಮಿಣಮಿಣ, ತುದಿ ಕಪ್ಪು.

“ಅತ್ತಿಗೆ ಕೈಯಲ್ಲಿ ಅಡುಗೆಮನೆ ಎಣ್ಣೆ ಇರುತ್ತೆ. ಅದೇ ಒಳಗೆ ಹೋಗೋದು,” ಎಂದ ಮೈದುನ.

“ಆ ಎಣ್ಣೇಲೇ ಅಲ್ವೇನಪ್ಪ ನಿನ್ನ ಹೊಟ್ಟೆ ಬೆಳೆದಿದ್ದು?”

ಗಂಡ ನಗಲಿಲ್ಲ. “ಇನ್ನೊಂದು ವಾಪಸ್ ಬಂದ್ರೆ ಪಂಪು ಅವನೇ ನೋಡ್ಕೊಳ್ಲಿ. ನೀನು ಒಳಗಿನದು ನೋಡು.”

ಅವಳು ಕೆಟ್ಟವನ್ನೆಲ್ಲ ಸಾಲಾಗಿಟ್ಟು ನೋಡಿದಳು. ಪ್ರತಿಯೊಂದರಲ್ಲೂ ಒಂದೇ ತುದಿ ಕಪ್ಪು. ಕೈಯೆಣ್ಣೆಗೆ ಎಡ ಬಲ ಗೊತ್ತಾಗುತ್ತದೆಯೇ? ಗಾಳಿ ಎಳೆಯುವಾಗ ಕರೆಂಟು ಹಾಯಿಸಿ ಎರಡೂ ಎಲೆಕ್ಟ್ರೋಡುಗಳನ್ನು ಕೆಂಪಗೆ ಕಾಯಿಸಬೇಕು. ಕಾಯದೆ ಉಳಿದದ್ದರ ಕೊಳೆ ಒಳಗೇ ನಿಂತು, ಆ ತುದಿ ಕ್ರಮೇಣ ಕಪ್ಪಾಗುತ್ತದೆ. ಒಂದು ಬೇಗ ಕೆಂಪಾಗುತ್ತದೆ, ಇನ್ನೊಂದು ಸತಾಯಿಸುತ್ತದೆ. ಅದು ಕಾಯುವವರೆಗೆ ತಾನೂ ಕಾಯಬೇಕು. ಸರಿಯಾಗಿ ಆ ಹೊತ್ತಿಗೇ ಅತ್ತೆ ಕೂಗುತ್ತಿದ್ದರು, ಮೈದುನ “ಹೋಗಿ ಅತ್ತಿಗೆ, ನಾನಿದೀನಿ” ಎನ್ನುತ್ತಿದ್ದ. ಉಂಡ ತಟ್ಟೆ ಎತ್ತದವನಿಗೆ ಈ ಉಪಕಾರಬುದ್ಧಿ ಎಲ್ಲಿಂದ ಬಂತು?

ಇವತ್ತೂ ಹಾಗೇ ಆಯಿತು. “ಏನೇ, ನನ್ನ ಟವೆಲ್ ಎಲ್ಲಿಟ್ಟೆ?” ಓಡಿಹೋಗಿ ನೋಡಿದರೆ ಟವೆಲ್ ಅತ್ತೆಯ ಹೆಗಲ ಮೇಲೇ ಇತ್ತು. ತಿರುಗಿ ಬರುವಷ್ಟರಲ್ಲಿ ಮೈದುನ ಟ್ಯೂಬಿನ ಬಾಯಿ ಮುಚ್ಚಿ, ಉರಿಸಿಯೂ ಆಗಿತ್ತು.

“ಎರಡೂ ಕಡೆ ಕೆಂಪಾಯ್ತಾ?”

“ಗಾಜಿನ ಮೇಲಿಟ್ಟ ಕಾಗದ ಸೀದುಹೋಯ್ತು, ಸಾಲ್ದಾ?”

“ಕಾಗದ ಗಾಜಿನ ಕಥೆ ಹೇಳುತ್ತೆ. ನಾನು ಕೇಳಿದ್ದು ಒಳಗಿನ ಲೋಹ ಕಾಯ್ತಾ ಅಂತ.”

“ಜಗಜಗ ಅಂತ ಉರೀತಿದೆ, ಕಾಣ್ಸಲ್ವಾ?” ಎಂದು ಅವನು ತಿಂಡಿಗೆ ಒಳಗೆ ಹೋದ.

ಅವಳು ಸ್ವಿಚ್ ಆರಿಸಿ ತುದಿಗಳ ಹತ್ತಿರ ಅಂಗೈ ಹಿಡಿದಳು. ಒಂದು ಕಡೆ ಕೈ ಇಡಲಾಗಲಿಲ್ಲ. ಇನ್ನೊಂದು ಕಡೆ ಬರೀ ಉಗುರುಬೆಚ್ಚಗೆ.

ತಿಳಿಯದೆ ಮಾಡಿದನೇ, ತಿಳಿದೇ ಮಾಡಿದನೇ? ತಾಯಿಗೂ ಮಗನಿಗೂ ಮೊದಲೇ ಮಾತಾಗಿತ್ತೇ? ಕೇಳಿದರೆ ಇಬ್ಬರೂ ಅವಳ ತಲೆ ಕೆಟ್ಟಿದೆ ಎಂದಾರು. ಹೀಗೇ ಕೊಟ್ಟು ಕಳಿಸಿದರೆ ಗಿರಾಕಿ ಇವತ್ತು ಹೊಗಳುತ್ತಾನೆ, ನಾಳೆ ಕಪ್ಪಾದಾಗ ಪಂಪು ಕೈತಪ್ಪುತ್ತದೆ. ಮುಚ್ಚಿದ ಬಾಯಿ ಒಡೆದರೆ ಈಗಲೇ ರಂಪ, ತಪ್ಪೆಲ್ಲ ಎಲ್ಲರ ಕಣ್ಣೆದುರಿಗೇ ಅವಳದು. ಆದರೆ ಮತ್ತೆ ಪಂಪಿಗೆ ಹಾಕಿ, ಎರಡೂ ತುದಿ ಕೆಂಪಾಗುವವರೆಗೆ ಯಾರು ಕೂಗಿದರೂ ಏಳದೆ ಕೂರಬಹುದು.

ಬಾಗಿಲಲ್ಲಿ ಬೋರ್ಡು ಒಯ್ಯಲು ಬಂದ ಗಿರಾಕಿಯ ಗಾಡಿ ನಿಂತ ಸದ್ದಾಯಿತು. ಅವಳು ಅರ ತೆಗೆದುಕೊಂಡು ಗಾಜಿನ ಮುಚ್ಚಿದ ಬಾಯಿಗೆ ಗೀರು ಹಾಕಿ, ಲಟಕ್ಕನೆ ಮುರಿದಳು.