ಡೊಳ್ಳಿಗೆ ತಾಗಿದ ಕಸಬರಿಗೆ

ನನ್ನ ಗಂಡನಿಗೆ ಸಿಟ್ಟು ಬರುವುದಿಲ್ಲ. ಮದುವೆಯಾದಾಗಿನಿಂದ ಅವರ ಪಾಲಿನ ಸಿಟ್ಟನ್ನೂ ನಾನೇ ಮಾಡಿಕೊಂಡು ಬಂದಿದ್ದೇನೆ. ಕಂಡಕ್ಟರು ಅವರ ಡ್ರಮ್ಮನ್ನು ಬಸ್ಸಿನ ಟಾಪಿಗೆ ಎಸೆದಾಗ ಕೂಗಾಡಿದವಳು ನಾನು. ಮದುವೆ ಮನೆಯವರು ವಾದ್ಯದವರನ್ನು ಕೊನೆಯ ಪಂಕ್ತಿಗೂ ಕರೆಯದಿದ್ದಾಗ ಹೋಗಿ ಎಲೆ ಹಾಕಿಸಿದವಳೂ ನಾನು. ಆಗೆಲ್ಲ ಅವರು ಪಕ್ಕದಲ್ಲಿ ನಿಂತು ಬೆರಳಲ್ಲಿ ತೊಡೆ ತಟ್ಟಿಕೊಳ್ಳುತ್ತಿರುತ್ತಾರೆ. ಈಗ ಅವರ ಕಥೆ ಬರೆಯುವ ಕೆಲಸವೂ ನನ್ನ ತಲೆಗೇ ಬಂದಿದೆ. ಊರಿನ ಹೆಸರು ಬರೆಯುವುದಿಲ್ಲ. ಶಿರಾಳಕೊಪ್ಪ ದಾಟಿ ಸೊರಬದ ಕಡೆ ಹೋಗುವಾಗ ಸಿಗುತ್ತದೆ ಎಂದರೆ ಸಾಕು. ಅಚ್ಚಿನಲ್ಲಿ ಹೆಸರು ನೋಡಿ ಹಿಗ್ಗುವಂಥ ಕೆಲಸವನ್ನೇನೂ ಆ ಊರು ಮಾಡಿಲ್ಲ.

ಅವರ ಹೆಸರು ಮಾಳೇಶ. ಅವರ ಅಪ್ಪ ಡೊಳ್ಳು ಬಾರಿಸುತ್ತಿದ್ದರು. ಮರ ಕೊರೆದು, ಆಡಿನ ಚರ್ಮ ಹದ ಮಾಡಿ, ಹಗ್ಗ ಬಿಗಿದು ತಾವೇ ಮಾಡಿಕೊಂಡ ಡೊಳ್ಳು. ಬೀರಪ್ಪನ ಗುಡಿಯ ಹಬ್ಬಕ್ಕೆ ಊರಲ್ಲಿ ಮೊದಲು ಹೊರಡುತ್ತಿದ್ದದ್ದು ಅದೇ. ಮಗನಿಗೆ ಹದಿನಾಲ್ಕಾಗಿದ್ದಾಗ ತಾಳ ತಪ್ಪಿದನೆಂದು ಅಪ್ಪ ಎಲ್ಲರೆದುರು ಕೆನ್ನೆಗೆ ಹೊಡೆದರು. ಮಾರನೆಯ ದಿನ ಹುಡುಗ ಬ್ಯಾಂಡ್ ಸೆಟ್ಟಿನವರ ಲಾರಿ ಹತ್ತಿ ಹುಬ್ಬಳ್ಳಿಗೆ ಹೋಗಿಬಿಟ್ಟ. ನಿಜವಾಗಿ ತಾಳ ತಪ್ಪಿರಲಿಲ್ಲ, ಒಂದು ಪೆಟ್ಟನ್ನು ಇವರು ಬೇಕೆಂದೇ ತಡ ಮಾಡಿ ಹಾಕಿದ್ದರು. ಅದನ್ನು ಅಪ್ಪನಿಗೆ ಹೇಳಬಾರದಿತ್ತೆ? ಹೇಳಲಿಲ್ಲ. ಬಾಯಿ ಬಿಡದೆ ಇರುವುದು ಇವರಿಗೆ ಹುಟ್ಟಿನಿಂದ ಬಂದ ರೋಗ.

ಹುಬ್ಬಳ್ಳಿಯಲ್ಲಿ ರೈಲ್ವೆಯ ಕೆಲವರು ಸಂಜೆ ಹಾಡಿ ಕುಣಿಯಲು ಸೇರುತ್ತಿದ್ದ ಒಂದು ಹಾಲ್ ಇತ್ತು. ಬ್ಯಾಂಡಿನಿಂದ ಹೊಟ್ಟೆ ತುಂಬದೆ ಇವರು ಅಲ್ಲಿ ಕಸ ಗುಡಿಸುವ ಕೆಲಸಕ್ಕೆ ಸೇರಿದರು. ಫ್ರಾನ್ಸಿಸ್ ಎಂಬ ಗೋವಾದ ಮನುಷ್ಯ ಅಲ್ಲಿ ಜಾಝ್ ಡ್ರಮ್ ಬಾರಿಸುತ್ತಿದ್ದ. ಕೆಲವು ಹಾಡಿಗೆ ಆತ ಕೋಲು ಬದಿಗಿಟ್ಟು, ತಂತಿಯ ಎಳೆಗಳ ಪುಟ್ಟ ಬ್ರಶ್ಶುಗಳಿಂದ ಡ್ರಮ್ಮಿನ ಮೈಯನ್ನು ಸವರುತ್ತಿದ್ದನಂತೆ. ಸರಕ್ ಸರಕ್ ಎಂದು ಎಳೆದ ಶಬ್ದ, ನಡುವೆ ಸಣ್ಣದೊಂದು ಪೆಟ್ಟು. ಡ್ರಮ್ ಮುಟ್ಟಲು ಇವರಿಗೆ ಅಪ್ಪಣೆ ಇರಲಿಲ್ಲ, ಕೈ ಸುಮ್ಮನಿರುತ್ತಲೂ ಇರಲಿಲ್ಲ. ಎರಡು ಕೈಗೆ ಎರಡು ಕಸಬರಿಗೆ ಹಿಡಿದು ಹಾಲಿನ ನೆಲದ ಮೇಲೆಯೇ ಆ ಶಬ್ದ ಎಬ್ಬಿಸತೊಡಗಿದರು. ಒಂದು ದಿನ ಫ್ರಾನ್ಸಿಸ್ ಹಿಂದಿನಿಂದ ಬಂದು ನಿಂತು ಕೇಳಿ, "ಎಡಗೈ ತಡ ಆಯ್ತು, ಇನ್ನೊಂದ್ಸಲ ಮಾಡು" ಎಂದ. ಅವತ್ತಿನಿಂದ ಪಾಠ ಶುರುವಾಯಿತು. ನನ್ನ ಗಂಡ ಜಾಝ್ ಕಲಿತದ್ದು ಕಸ ಗುಡಿಸಿ. ಇದನ್ನು ಹೇಳಲು ನನಗೆ ನಾಚಿಕೆಯಿಲ್ಲ, ಊರಿನವರಿಗೆ ಕೇಳಲು ನಾಚಿಕೆ.

ಅಪ್ಪ ತೀರಿಕೊಂಡ ಮೇಲೆ ಊರಿಗೆ ಬಂದು ಶಿಕಾರಿಪುರದ ಒಂದು ಆರ್ಕೆಸ್ಟ್ರಾ ಸೇರಿದರು. ಗಣಪತಿ ಕೂರಿಸಿದ ಊರುಗಳಲ್ಲೆಲ್ಲ ಕಾರ್ಯಕ್ರಮ. ನನ್ನ ತವರು ಉಳವಿಗೂ ಬಂದಿದ್ದರು. ನಾನು ವೇದಿಕೆಯ ಮುಂದೆಯೇ ಕೂತಿದ್ದೆ. ಹಾಡುವವನು ಹಾಡಿನ ಮಧ್ಯೆ ಹಿಂದೆ ತಿರುಗಿ, "ಏ ಮಾಳೇಶ, ಪೆಟ್ಟು ಎಲ್ಲಿ ಹಾಕ್ತಿದೀಯ ಮಾರಾಯ" ಎಂದು ಮೈಕಿನಲ್ಲೇ ಬೈದ. ಜನ ನಕ್ಕರು. ನನಗೆ ಮಾತ್ರ ಮೈಯೆಲ್ಲ ಉರಿಯಿತು, ಏಕೆಂದರೆ ಆ ಪೆಟ್ಟಿಗಾಗಿಯೇ ನಾನು ಕಾಯುತ್ತಿದ್ದೆ. ಎಲ್ಲರೂ ಹೊಡೆಯುವ ಕಡೆ ಇವರು ಬಿಡುತ್ತಿದ್ದರು, ಬಿಡುವ ಕಡೆ ಹೊಡೆಯುತ್ತಿದ್ದರು. ನಮ್ಮ ಮದುವೆ ಹೇಗಾಯಿತು ಎಂದು ಕೇಳಿದವರಿಗೆಲ್ಲ ನಾನು ಹೇಳುವುದು ಇಷ್ಟೇ.

ಆಮೇಲೆ ಆರ್ಕೆಸ್ಟ್ರಾಗಳಿಗೆ ಗುಂಡಿ ಒತ್ತಿದರೆ ತಾಳ ಹಾಕುವ ಪೆಟ್ಟಿಗೆ ಬಂತು. ಇವರಿಗೆ ಬರಬೇಡ ಎಂದು ಹೇಳುವ ಸೌಜನ್ಯವೂ ಅವರಿಗಿರಲಿಲ್ಲ, ಕರೆಯುವುದನ್ನು ಬಿಟ್ಟರು. ಅಷ್ಟು ಹೊತ್ತಿಗೆ ನಾನು ಅಂಗನವಾಡಿ ಟೀಚರಾಗಿದ್ದೆ, ಒಲೆ ಆರಲಿಲ್ಲ. ಇವರು ಮನೆ ಹಿಂದಿನ ಕೊಟ್ಟಿಗೆ ಖಾಲಿ ಮಾಡಿ ಮಕ್ಕಳಿಗೆ ಕಲಿಸತೊಡಗಿದರು. ಅಪ್ಪನ ಡೊಳ್ಳನ್ನು ಕಬ್ಬಿಣದ ಸ್ಟ್ಯಾಂಡಿನ ಮೇಲೆ ಮಲಗಿಸಿದರು. ಹಳೆಯ ಮೊಪೆಡ್ಡಿನ ಬ್ರೇಕ್ ಪೆಡಲಿಗೆ ಭಜನೆಯ ತಾಳಗಳನ್ನು ಕಟ್ಟಿ ಕಾಲಿನಿಂದ ನುಡಿಸುವ ಹಾಗೆ ಮಾಡಿದರು. ತಂತಿಯ ಬ್ರಶ್ಶು ಡೊಳ್ಳಿನ ದಪ್ಪ ಚರ್ಮದ ಮೇಲೆ ಕೇಳಿಸುತ್ತಲೇ ಇರಲಿಲ್ಲ. ಒಂದು ದಿನ ನಾನು ತೆಂಗಿನ ಗರಿ ಹೆರೆದು ಕಸಬರಿಗೆ ಕಟ್ಟುತ್ತಿದ್ದಾಗ ಬಂದು ಒಂದು ಹಿಡಿ ಕಡ್ಡಿ ಎತ್ತಿಕೊಂಡು ಹೋದರು. ಅದನ್ನು ಮೊಳದುದ್ದ ಕತ್ತರಿಸಿ, ಬುಡ ಬಿಗಿದು, ಡೊಳ್ಳಿನ ಮೇಲೆ ಆಡಿಸಿದರು. ಮೊರದಲ್ಲಿ ಅಕ್ಕಿ ಕೇರಿದ ಹಾಗಿತ್ತು. ಅಷ್ಟು ದೊಡ್ಡ ಡೊಳ್ಳು ಅಷ್ಟು ಮೆಲ್ಲಗೆ ಮಾತಾಡಿದ್ದನ್ನು ನಾನು ಕೇಳಿರಲಿಲ್ಲ. ಕೈಯಲ್ಲಿದ್ದ ಗರಿ ಹಾಗೇ ಹಿಡಿದುಕೊಂಡು ಕೊಟ್ಟಿಗೆ ಬಾಗಿಲಲ್ಲಿ ನಿಂತುಬಿಟ್ಟೆ.

ಹೊಸ ಮಕ್ಕಳಿಗೆ ಅವರು ಮೊದಲು ಡೊಳ್ಳು ಕೊಡುತ್ತಿರಲಿಲ್ಲ. ಎರಡು ಕೈಗೆ ಎರಡು ಕಸಬರಿಗೆ ಕೊಟ್ಟು ಅಂಗಳಕ್ಕೆ ಅಟ್ಟುತ್ತಿದ್ದರು. "ಮಗೀನ ಕೈಲಿ ಕಸ ಗುಡಿಸ್ತಾನೆ" ಎಂದು ಕೆಲವು ತಾಯಂದಿರು ಜಗಳಕ್ಕೆ ಬಂದರು. ಬಿಡದೆ ಉಳಿದ ಮಕ್ಕಳಲ್ಲಿ ಚೆನ್ನಾಗಿ ಕಲಿತವಳು ನಯನ, ಗುಡಿ ಕಮಿಟಿಯ ಹಿರಿಯ ಮಾಸ್ತಪ್ಪನವರ ಮೊಮ್ಮಗಳು, ಪಿಯುಸಿ ಓದುತ್ತಿದ್ದಳು. ಹೋದ ವರ್ಷ ಬಳ್ಳಿಗಾವಿಯ ಕಡೆ ಒಂದು ಕಾರ್ಯಕ್ರಮದಲ್ಲಿ ಅವಳು ಆ ಡೊಳ್ಳನ್ನು ಕಡ್ಡಿ ಬ್ರಶ್ಶಿನಿಂದ ನುಡಿಸಿದಳು. ಜನ ಉಸಿರು ಬಿಗಿಹಿಡಿದು ಕೇಳಿದರು, ಮುಗಿದ ಮೇಲೆ ಚಪ್ಪಾಳೆ ಹೊಡೆದರು. ಯಾರೋ ಪುಣ್ಯಾತ್ಮ ಮೊಬೈಲಿನಲ್ಲಿ ವಿಡಿಯೊ ಮಾಡಿ, ಕೆಳಗೆ ‘ದೇವರ ಡೊಳ್ಳಿಗೆ ಕಸಬರಿಗೆ ಪೂಜೆ’ ಎಂದು ಬರೆದು ಗ್ರೂಪಿಗೆ ಬಿಟ್ಟ. ನಾವು ಬಸ್ಸಿಳಿಯುವ ಹೊತ್ತಿಗೆ ಅದು ಊರಿನ ಎಲ್ಲರ ಮೊಬೈಲಿನಲ್ಲೂ ಇತ್ತು.

ಮಾರನೆಯ ದಿನ ಗುಡಿ ಮುಂದೆ ಕಮಿಟಿ ಸೇರಿತು. ಮೊಮ್ಮಗಳ ಹೆಸರನ್ನು ಮಾಸ್ತಪ್ಪನವರು ಎತ್ತಲೇ ಇಲ್ಲ.

"ಹುಡುಗಿಗೆ ಏನ್ ಗೊತ್ತು? ಕಲಿಸ್ದೋನಿಗೆ ಬುದ್ಧಿ ಬ್ಯಾಡೇನು?" ಎಂದರು. "ಆ ಡೊಳ್ಳಿನ ಸಂಗಡ ಕುಣಿದು ಬೆಳೆದೋನು ನಾನು. ನಿಮ್ಮಪ್ಪ ಬಾರಿಸ್ತಿದ್ರೆ ನನ್ ಕಾಲು ನೆಲದ ಮ್ಯಾಲೆ ನಿಲ್ತಿರಲಿಲ್ಲ. ಅದಕ್ಕೆ ಕಸಬರಿಗೆ ತಾಗಿಸಿದ್ಯಲ್ಲೋ ಮಾಳೇಶ."

ಹೇಳುತ್ತ ಅವರು ಹೆಗಲ ಮೇಲಿನ ಟವೆಲಿನಿಂದ ಕಣ್ಣು ಒರೆಸಿಕೊಂಡರು. ನಾಟಕವಲ್ಲ, ಅದು ನನಗೂ ಗೊತ್ತಾಯಿತು. ಅದರಿಂದ ನನ್ನ ಸಿಟ್ಟೇನೂ ಇಳಿಯಲಿಲ್ಲ.

"ಮಾಸ್ತಪ್ಪಣ್ಣ, ಒಂದ್ ಮಾತು," ಎಂದೆ. "ಈ ಗುಡಿ ಅಂಗಳ ಬೆಳಿಗ್ಗೆ ಯಾತ್ರಲ್ಲಿ ಗುಡಿಸಿದ್ರು? ಒಳಗೆ ಜೇಡ್ರ ಬಲೆ ಯಾತ್ರಲ್ಲಿ ತೆಗಿತಾರೆ? ಕಸಬರಿಗೆ ತುಳಿದ್ರೆ ಲಕ್ಷ್ಮಿಗೆ ಸಿಟ್ಟು ಬರ್ತದೆ ಅಂತ ನಮಗೆ ಹೇಳ್ಕೊಟ್ಟೋರು ನೀವೇ ಅಲ್ವಾ? ನಮ್ ಕೈಲಿದ್ರೆ ಲಕ್ಷ್ಮಿ, ಡೊಳ್ಳಿನ ಮ್ಯಾಲೆ ಹೋದ್ರೆ ಮೈಲಿಗೆನಾ?"

"ಇದು ಹೆಂಗಸ್ರು ಬಾಯಿ ಹಾಕೋ ವಿಷಯ ಅಲ್ಲ, ವನಜಮ್ಮ."

ಅಷ್ಟರಲ್ಲಿ ನನ್ನ ಗಂಡ ನನ್ನ ಸೆರಗು ಹಿಡಿದು ಮೆಲ್ಲಗೆ ಹಿಂದಕ್ಕೆ ಎಳೆದರು. ಕಮಿಟಿ ತೀರ್ಮಾನ ಹೇಳಿತು. ಡೊಳ್ಳಿಗೆ ಶುದ್ಧಿ ಮಾಡಿ ಗುಡಿಯ ಒಳಗೆ ಇಟ್ಟು ಬೀಗ ಹಾಕುವುದು, ಕೀಲಿ ಮಾಸ್ತಪ್ಪನವರ ಹತ್ತಿರ. ಮಾಳೇಶ ತಾನೇ ಆ ಕಡ್ಡಿಗಳನ್ನು ತಂದು ಎಲ್ಲರೆದುರು ಬೆಂಕಿಗೆ ಹಾಕುವುದು. ಊರಿನ ಹುಡುಗಿಯರಿಗೆ ಇನ್ನು ಪಾಠ ಹೇಳಬಾರದು. ಇವರು ಏನು ಮಾಡಿದರು ಗೊತ್ತೆ? ತಲೆಯಾಡಿಸಿದರು. ಮನೆಗೆ ಹೋಗಿ ಬ್ರಶ್ಶುಗಳನ್ನು ತಂದರು, ಬೆಂಕಿಗೆ ಹಾಕಿದರು, ಅವು ಪೂರ್ತಿ ಉರಿಯುವವರೆಗೂ ನಿಂತಿದ್ದರು. ಸ್ವಂತ ಅಪ್ಪನ ಡೊಳ್ಳನ್ನು ನಾಲ್ಕು ಜನ ಹೊತ್ತುಕೊಂಡು ಹೋಗುವಾಗ ದಾರಿ ಬಿಟ್ಟುಕೊಟ್ಟರು.

ಮನೆಗೆ ಬಂದ ಮೇಲೆ ನಾನು ಬಾಯಿಗೆ ಬಂದ ಹಾಗೆ ಬೈದೆ. "ನಿಮಗೆ ಬೆನ್ನುಮೂಳೆ ಐತೇನ್ರೀ?" ಎಂದೆ. ಅವತ್ತಿನಿಂದ ಅವರ ಮಾತೂ ನಿಂತಿತು, ತೊಡೆ ತಟ್ಟುವುದೂ ನಿಂತಿತು. ಊಟಕ್ಕೆ ಕೂತಾಗ ತಟ್ಟೆಯ ಅಂಚಿನ ಮೇಲೆ ಬೆರಳು ಆಡುತ್ತಿರಲಿಲ್ಲ. ಬಸ್ಸಿನ ಹಾರ್ನು ಕೇಳಿದರೆ ತಲೆ ಅಲ್ಲಾಡುತ್ತಿರಲಿಲ್ಲ. ಇಷ್ಟು ವರ್ಷ ಆ ಟಕಟಕ ಕೇಳಿ ಕೇಳಿ ಬೇಜಾರಾಗಿದ್ದ ನನಗೆ, ಅದು ನಿಂತಾಗ ಮನೆಯೊಳಗೆ ಇರಲು ಹೆದರಿಕೆಯಾಯಿತು. ಮನುಷ್ಯ ಕೂತಲ್ಲೇ ಖಾಲಿಯಾಗುತ್ತಿದ್ದರು. ಡೊಳ್ಳು ಬರದಿದ್ದರೆ ಇವರು ಉಳಿಯುವುದಿಲ್ಲ ಎಂದು ನನಗೆ ಆಗ ಅನ್ನಿಸಿತು.

ದೀಪಾವಳಿ ಕಳೆದು ಚಳಿ ಬಿದ್ದ ಮೇಲೆ ಒಂದು ಬೆಳಿಗ್ಗೆ ನಾನು ಅಂಗಳ ಗುಡಿಸುತ್ತಿದ್ದೆ. ಗುಡಿಸುವುದೇನು, ಸಿಟ್ಟನ್ನೆಲ್ಲ ನೆಲದ ಮೇಲೆ ತೀರಿಸಿಕೊಳ್ಳುತ್ತಿದ್ದೆ. ಹಿಂದೆ ಮಕ್ಕಳಿಗೆ ಕೊಡುತ್ತಿದ್ದ ಕಸಬರಿಗೆಗಳು ಅಲ್ಲೇ ಬಿದ್ದಿದ್ದವು, ಬೇಗ ಮುಗಿಯಲಿ ಎಂದು ಎರಡೂ ಕೈಯಲ್ಲಿ ಹಿಡಿದಿದ್ದೆ. ಜಗಲಿಯಿಂದ ದನಿ ಬಂತು.

"ಎಡಗೈ ತಡ ಆಯ್ತು."

ಎಷ್ಟೋ ವಾರದ ಮೇಲೆ ಆಡಿದ ಮಾತು ಇದು! ಎರಡು ಕಸಬರಿಗೆಗಳನ್ನೂ ಅವರ ಕಾಲ ಬುಡಕ್ಕೆ ಎಸೆದು, "ಹಂಗಾದ್ರೆ ನೀವೇ ಗುಡಿಸ್ರಿ" ಎಂದೆ. ಅವರು ಬಗ್ಗಿ ಎತ್ತಿಕೊಂಡರು, ಅಂಗಳಕ್ಕಿಳಿದರು. ಸರಕ್ ಸರಕ್, ನಡುವೆ ಬುಡದಿಂದ ನೆಲಕ್ಕೊಂದು ಕುಟ್ಟು. ಡೈರಿಗೆ ಹಾಲು ಹಾಕಲು ಹೊರಟಿದ್ದ ನಯನ ಬೇಲಿಯ ಹತ್ತಿರ ನಿಂತಳು. ಕ್ಯಾನು ಕೆಳಗಿಟ್ಟು ಒಳಗೆ ಬಂದು, "ಮೇಷ್ಟ್ರೇ, ನನಗೊಂದ್ ಜೊತೆ" ಎಂದಳು.

"ಪಾಠ ಹೇಳಬಾರ್ದು ಅಂದಾರೆ ಕಣವ್ವ" ಎಂದರು ಇವರು.

"ಪಾಠ ಯಾರು ಕೇಳಿದ್ರು? ಅಂಗಳ ಗುಡಿಸ್ತೀನಿ."

ಅವತ್ತಿನಿಂದ ನಮ್ಮ ಅಂಗಳದಷ್ಟು ಸ್ವಚ್ಛವಾದ ಅಂಗಳ ಎರಡು ತಾಲ್ಲೂಕಿನಲ್ಲಿ ಇರಲಿಲ್ಲ. ನಯನಳ ಹಿಂದೆ ಮತ್ತೂ ಕೆಲವರು ಬಂದರು. ಆದರೆ ಕಸಬರಿಗೆ ಕೆಳಗಿಟ್ಟರೆ ಇವರ ಬೆರಳು ತೊಡೆಯ ಮೇಲೆ ಆಡುತ್ತಿರಲಿಲ್ಲ. ಹೆಣ್ಣುಮಕ್ಕಳು ಕಸ ಗುಡಿಸುವುದಕ್ಕೆ ಯಾವ ಕಮಿಟಿ ಅಡ್ಡ ಬರುತ್ತದೆ? ನೋಡಿದವರು ಮೆಚ್ಚಿಕೊಂಡೇ ಹೋದರು. "ಹುಡುಗೀರು ಕೆಲಸ ಕಲಿತಾ ಇದಾರೆ" ಎಂದು ಒಬ್ಬ ಕಮಿಟಿ ಸದಸ್ಯ ನನಗೇ ಹೇಳಿದ. ನಗು ಬರಲಿಲ್ಲ, ಹಲ್ಲು ಕಚ್ಚಿಕೊಂಡೆ.

ಇನ್ನು ಹೋದ ಸೋಮವಾರದ ಮಾತು. ಅಂಗನವಾಡಿಗೆ ಹೋಗುವ ದಾರಿಯಲ್ಲಿ ಮಾಸ್ತಪ್ಪನವರ ಮನೆ. ನಯನ ಅವರ ಅಂಗಳ ಗುಡಿಸುತ್ತಿದ್ದಳು, ಎರಡೂ ಕೈಯಲ್ಲಿ. ಅಜ್ಜ ಕಟ್ಟೆಯ ಮೇಲೆ ಕಣ್ಣು ಮುಚ್ಚಿ ಕೂತು ಚಹಾ ಕುಡಿಯುತ್ತಿದ್ದರು. ಅವರ ಬೆರಳು ಸ್ಟೀಲ್ ಲೋಟದ ಮೇಲೆ ಆಡುತ್ತಿತ್ತು. ನಾನು ಗೇಟಿನ ಹತ್ತಿರ ನಿಂತು ಕೇಳಿದೆ. ಮೊಮ್ಮಗಳು ಬಿಟ್ಟ ಕಡೆ ಅವರು ತಟ್ಟುತ್ತಿದ್ದರು, ಒಂದೂ ತಪ್ಪದೆ. ಅವರ ಬರಿಗಾಲು ಕೂಡ ನೆಲ ಬಿಟ್ಟು ಏಳುತ್ತಿತ್ತು.

"ಯಾವ ತಾಳ ಅದು, ಮಾಸ್ತಪ್ಪಣ್ಣ?"

ಅವರು ಕಣ್ಣು ಬಿಟ್ಟರು. ನನ್ನನ್ನು ನೋಡಿದರು, ತಮ್ಮ ಬೆರಳನ್ನು ನೋಡಿಕೊಂಡರು, ಮೊಮ್ಮಗಳ ಕೈಯಲ್ಲಿದ್ದ ಕಸಬರಿಗೆಗಳನ್ನು ನೋಡಿದರು. ಬೆರಳು ನಿಂತಿತು. ನಯನ ನಿಲ್ಲಿಸಲಿಲ್ಲ.

"ಸುಮ್ನೆ... ಕೈ ಆಡ್ತು" ಎಂದರು.

"ನಮ್ಮನೆಯವರಿಗೂ ಹಂಗೇ ಆಡೋದು. ಈಗ ಆಡ್ತಾ ಇಲ್ಲ. ನನ್ ಮಾವನ ಡೊಳ್ಳು ನನಗೆ ವಾಪಸ್ ಬೇಕು."

ಅಂಗಳದಲ್ಲಿ ಸರಕ್ ಸರಕ್ ನಡೆದೇ ಇತ್ತು. ಕೊನೆಗೆ ಅವರು ಲೋಟ ಕೆಳಗಿಟ್ಟು, ನನ್ನ ಮುಖ ನೋಡದೆ, "ಕೀಲಿ ಒಳಗೈತಿ" ಎಂದರು.

"ತಗೊಂಡ್ ಬರ್ರಿ," ಎಂದೆ. "ನಾನು ಇಲ್ಲೇ ನಿಂತಿರ್ತೀನಿ."