ಫೋಟೋದಲ್ಲಿ ಕಾಣದ ಮಾಳಿಗೆ

ಲಿಂಗಸುಗೂರಿನ ಹಳೇ ಪೇಟೆಯಲ್ಲಿ ದಾವಲ್‌ಬೀಯ ಬಾಯಿಗೆ ಹೆದರದವರು ಇಬ್ಬರೇ. ಒಬ್ಬ ಅವಳ ಗಂಡ ಅಲ್ಲಾಭಕ್ಷ್, ಅವನು ತೀರಿಕೊಂಡ. ಇನ್ನೊಬ್ಬಳು ಮಗಳು ಶಾಕೀರಾ, ಅವಳದೂ ಅದೇ ಬಾಯಿ. ಮನೆಯ ಮುಂದಿನ ಖೋಲಿಯಲ್ಲೇ ಖಾರದ ಗಿರಣಿ. ಅದರ ಸದ್ದಿನ ಮೇಲೆ ಮಾತಾಡಿ ಮಾತಾಡಿ ದಾವಲ್‌ಬೀಯ ದನಿ ಓಣಿಯ ಎರಡೂ ತುದಿಗೆ ಕೇಳುವಂತಾಗಿತ್ತು. ಬೈಸಿಕೊಳ್ಳುವವರು ಮನೆಯಲ್ಲೇ ಕೂತು ಬೈಸಿಕೊಳ್ಳಬಹುದಿತ್ತು.

ದಾವಲ್‌ಬೀ ಬಳಗಾನೂರಿನಿಂದ ಸೊಸೆಯಾಗಿ ಬಂದಾಗ ಕೈಯ ಮೆಹೆಂದಿ ಇನ್ನೂ ಆರಿರಲಿಲ್ಲ, ಅತ್ತೆ ಅವಳನ್ನು ಮಾಳಿಗೆ, ಎಂದರೆ ಮನೆಯ ಮಣ್ಣಿನ ಚಾವಣಿ, ಹತ್ತಿಸಿದ್ದಳು. ಆ ಓಣಿಯ ಮನೆಗಳು ಗೋಡೆಗೆ ಗೋಡೆ, ಮಾಳಿಗೆಗೆ ಮಾಳಿಗೆ ಅಂಟಿಕೊಂಡು ನಿಂತವು. ಒಬ್ಬರ ಮಾಳಿಗೆಯಲ್ಲಿ ನಿಂತ ನೀರು ಇನ್ನೊಬ್ಬರ ಅಡುಗೆಮನೆಯಲ್ಲಿ ಇಳಿಯುತ್ತಿತ್ತು. ಅದಕ್ಕೇ ಮಳೆಗಾಲಕ್ಕೆ ಮುಂಚೆ ಓಣಿಗೆ ಓಣಿಯೇ ಮೇಲೆ ಹತ್ತಿ ನೀರು ಇಳಿಯಗೊಡದ ಸವಳು ಮಣ್ಣು ಹರವಿ, ನೀರು ಚಿಮುಕಿಸಿ, ಸಾಲಾಗಿ ನಿಂತು ತುಳಿಯಬೇಕು. ಒಬ್ಬಿಬ್ಬರ ಕಾಲಿಗೆ ಆಗುವ ಕೆಲಸವಲ್ಲ ಅದು. ಹತ್ತುವ ದಾರಿ ಎಲ್ಲರಿಗೂ ಒಂದೇ, ಪಕ್ಕದ ಯಂಕೋಬನ ಮನೆಯ ಕಲ್ಲಿನ ಮೆಟ್ಟಿಲು. ಯಂಕೋಬನ ತಾಯಿ ಮೊದಲ ಬುಟ್ಟಿ ಹೊತ್ತು ಮುಂದೆ, ದಾವಲ್‌ಬೀ ಹಿಂದೆ. ಮಧ್ಯಾಹ್ನ ಮಾಳಿಗೆಯ ಮೇಲೇ ರೊಟ್ಟಿ, ಪುಂಡಿಪಲ್ಲೆ. ಚಡ್ಡಿ ಹಾಕಿದ ಯಂಕೋಬ ಮೆಟ್ಟಿಲ ಮೇಲೆ ಹತ್ತಿ ಇಳಿದು ಎಲ್ಲರಿಗೂ ನೀರು ಕೊಡುತ್ತಿದ್ದ. ಆಗ ಅವನು ಮನುಷ್ಯನಾಗಿದ್ದ ಎನ್ನುತ್ತಾಳೆ ದಾವಲ್‌ಬೀ.

ಬೆಳೆದ ಮೇಲೆ ಸಿಮೆಂಟ್ ಅಂಗಡಿ ಇಟ್ಟ. ಅಪ್ಪ ಅವ್ವ ಹೋದದ್ದೇ ತಡ, ಮನೆ ಕೆಡವಿ ತೊಲೆ, ಬಾಗಿಲು, ಕೊನೆಗೆ ಮೆಟ್ಟಿಲಿನ ಕಲ್ಲನ್ನೂ ಯಾವುದೋ ರೆಸಾರ್ಟಿನವರಿಗೆ ಮಾರಿದ. ಬೈಪಾಸಿನಲ್ಲಿ ಮೂರಂತಸ್ತು ಎಬ್ಬಿಸಿದ. ಹಳೇ ಜಾಗದಲ್ಲಿ ಜಾಲಿ ಬೆಳೆಯಿತು. ಅವನ ಹಿಂದೆ ಓಣಿಯವರೂ ಅವನ ಅಂಗಡಿಯ ಸಿಮೆಂಟನ್ನೇ ತಂದು ಒಬ್ಬೊಬ್ಬರಾಗಿ ಸ್ಲ್ಯಾಬ್ ಹಾಕಿಸಿದರು. ಮಣ್ಣಿನ ಮಾಳಿಗೆ ಉಳಿದದ್ದು ದಾವಲ್‌ಬೀಗೆ, ಅವಳ ಆಚೆ ಪಕ್ಕದ ನರಸಣ್ಣನಿಗೆ.

ಇಂಥವನು ಒಂದು ದಿನ ‘ಹಳೇ ಪೇಟೆ ಉಳಿಸಿ ಸಮಿತಿ’ಯ ಅಧ್ಯಕ್ಷನಾದ! ನಗಬೇಕೋ ಉಗಿಯಬೇಕೋ ದಾವಲ್‌ಬೀಗೆ ತಿಳಿಯಲಿಲ್ಲ. ಎರಡನ್ನೂ ಮಾಡಿದಳು.

ಆ ವೇಳೆಗೆ ಅವಳೂ ಸ್ಲ್ಯಾಬಿಗೆ ಮನಸ್ಸು ಮಾಡಿದ್ದಳು. ಹಿಂದಿನ ಮಳೆಗಾಲದಲ್ಲಿ ಮಾಳಿಗೆ ಸೋರಿ, ಜನ ಬೀಸಲು ತಂದಿಟ್ಟ ಮೆಣಸಿನಕಾಯಿ ಚೀಲಗಳಿಗೆ ಬೂಸು ಹಿಡಿದಿತ್ತು. ಇನ್ನೊಂದು ಸಲ ಹಾಗಾದರೆ ಗಿರಣಿಗೆ ಯಾರೂ ಬರುವುದಿಲ್ಲ, ತಾಯಿ ಮಗಳ ಅನ್ನ ಹೋಗುತ್ತದೆ. ಆಗ ಯಂಕೋಬ ಬಂದು ಕಟ್ಟೆಯ ಮೇಲೆ ಕೂತ.

“ಚಿಗವ್ವ, ಸ್ಲ್ಯಾಬ್ ಬ್ಯಾಡ. ನಿನ್ನ ಮನಿ ಅಂದ್ರ ಊರಿನ ಆಸ್ತಿ ಐತಿ. ಒಂದು ಹನಿ ಸೋರದಂಗ ಸಮಿತಿ ನೋಡ್ಕೊಂತೈತಿ.”

ಅವಳು ನಂಬಿದಳು. ಅವನ ಮುಖ ನೋಡಿ ಅಲ್ಲ, ಅವನ ತಾಯಿಯ ಮುಖ ನೆನೆದು. ಬೇಸಿಗೆಯಲ್ಲೂ ತಂಪಿರುವ ಆ ಮನೆ ಎಂದರೆ ಅವಳಿಗೆ ಪ್ರಾಣ, ಕೆಡವಲು ಅವಳಿಗೂ ಕೈ ಬರುತ್ತಿರಲಿಲ್ಲ. ಸ್ಲ್ಯಾಬಿನವರನ್ನು ವಾಪಸು ಕಳಿಸಿದಳು.

ಸಮಿತಿ ಕೆಲಸಕ್ಕಿಳಿಯಿತು. ಮುಂಗೋಡೆಗೆ ಸುಣ್ಣ, ಕೆಮ್ಮಣ್ಣಿನ ಪಟ್ಟೆ. ಕಂದೀಲಿನ ವೇಷ ಹಾಕಿದ ಕರೆಂಟ್ ದೀಪ. ಓಣಿಯ ಬಾಯಿಗೆ ‘ಪಾರಂಪರಿಕ ಓಣಿ’ ಎಂಬ ಬೋರ್ಡು, ಅದರಲ್ಲಿ ಓಣಿಯ ಹೆಸರಿಗಿಂತ ಅಧ್ಯಕ್ಷರ ಹೆಸರು ದೊಡ್ಡದು. ಮೇಲಾಗಿ ಗಿರಣಿಯ ಬಾಗಿಲಲ್ಲಿ ಎಲ್ಲಿಂದಲೋ ಒಂದು ಒರಳು ತಂದಿಟ್ಟರು.

“ಇದರಾಗ ಏನು ಕುಟ್ಟಲಿ, ನಿಮ್ಮ ತಲೀನ?” ಎಂದಳು ದಾವಲ್‌ಬೀ. “ಮಾಳಿಗಿ ಯಾವಾಗ ಮಾಡ್ತೀರಿ? ಮಳಿ ಬರಾಕತ್ತೈತಿ.”

ಯಂಕೋಬ ಹಲ್ಲು ಕಿರಿದ. “ಮುಂದ ನೋಡಮು ಚಿಗವ್ವ. ಮಾಳಿಗಿ ಫೋಟೋದಾಗ ಕಾಣಂಗಿಲ್ಲ.”

ಆ ಮಾತಿಗೆ ಅವಳು ಬೈಯಲಿಲ್ಲ. ಶಾಕೀರಾಗೆ ಗಾಬರಿಯಾಯಿತು, ಅವ್ವ ಬೈಯದೆ ಬಿಟ್ಟದ್ದು ಅವಳು ಕಂಡಿರಲಿಲ್ಲ.

ಉದ್ಘಾಟನೆ ಹತ್ತಿರ ಬಂತು. ಯಂಕೋಬ ಮತ್ತೆ ಬಂದು, ಜನರ ಸಹಭಾಗಿತ್ವ ಇರಬೇಕು, ಓಣಿಯ ಹಿರಿಯ ಜೀವ ಎಂದು ನಿನಗೆ ಶಾಲು ಹೊದಿಸುತ್ತೇವೆ, ವೇದಿಕೆಗೆ ಬಾ ಎಂದು ಕರೆದ.

“ಬರ್ತೀನಿ. ಆದ್ರ ಮೊದಲ ನಿಮ್ಮ ಸಮಿತಿಯವರೆಲ್ಲ ನನ್ನ ಮಾಳಿಗಿಗೆ ಒಂದೊಂದು ಬುಟ್ಟಿ ಮಣ್ಣು ಹಾಕ್ರಿ.”

ಬುಟ್ಟಿ ಹಿಡಿದ ಅಧ್ಯಕ್ಷರ ಫೋಟೋ ಎಷ್ಟು ಚೆಂದ ಬಂದೀತೆಂದು ಯಂಕೋಬನ ಕಣ್ಣು ಅರಳಿತು.

ಗೊತ್ತುಮಾಡಿದ ದಿನ ಬೆಳಿಗ್ಗೆಯೇ ನರಸಣ್ಣ ಎರಡೂ ಮನೆಗೆ ಏಣಿ ಆನಿಸಿ, ಮಾಳಿಗೆಗಳ ಮೇಲೆ ಸವಳು ಮಣ್ಣು ಗುಡ್ಡೆ ಹಾಕಿ, ಕೊಡಗಳಲ್ಲಿ ನೀರು ತುಂಬಿಟ್ಟಿದ್ದ. ಇಸ್ತ್ರಿ ಮುರಿಯದ ಬಿಳಿ ಬಟ್ಟೆಯಲ್ಲಿ ಸಮಿತಿಯವರು ಬಂದರು. ಕೆಳಗೆ ಉಳಿದಿದ್ದ ಮಣ್ಣನ್ನು ಬುಟ್ಟಿಯ ತಳ ಮುಚ್ಚುವಷ್ಟು ಹಾಕಿಕೊಂಡು, ಕೂಸಿನಂತೆ ಎತ್ತಿಕೊಂಡು ಏಣಿ ಹತ್ತಿದರು. ಸುರಿದರು, ನಕ್ಕರು, ಕೈ ಒರೆಸಿಕೊಂಡರು. ಫೋಟೋದವನು ಕೆಲಸ ಮುಗಿಯಿತೆಂದು ಮೊದಲು ಇಳಿದ. ಅವನ ಕಾಲು ನೆಲಕ್ಕೆ ತಾಗಿದ್ದೇ, ದಾವಲ್‌ಬೀ ಮತ್ತು ಶಾಕೀರಾ ಏಣಿಯನ್ನು ಎಳೆದು ಓಣಿಯಲ್ಲಿ ಉದ್ದಕ್ಕೆ ಮಲಗಿಸಿದರು. ದಾವಲ್‌ಬೀ ಅದರ ಮೇಲೆ ಕೂತಳು.

“ಏನು ಚಿಗವ್ವ ಇದು!” ಎಂದು ಮೇಲಿನಿಂದ ಯಂಕೋಬ.

“ಸಹಭಾಗಿತ್ವ. ಹರವಿ ತುಳೀರಿ. ಮುಗಿದ ಮ್ಯಾಲ ಇಳೀರಂತ.”

ಸಮಿತಿಯವರು ನರಸಣ್ಣನ ಮಾಳಿಗೆಗೆ ದಾಟಿ ಓಡಿದರು. ಅಲ್ಲಿಯ ಏಣಿಯೂ ಆಗಲೇ ಕೆಳಗೆ ಮಲಗಿತ್ತು, ಅದರಾಚೆ ಸ್ಲ್ಯಾಬ್ ಮನೆಯ ಎತ್ತರದ ಗೋಡೆ. ಒಬ್ಬ ಫೋನ್ ತೆಗೆದ. ಯಾರಿಗೆ ಮಾಡುವುದು, ಮಾಡಿ ಏನೆಂದು ಹೇಳುವುದು? ಕೆಳಗೆ ಫೋಟೋದವನು ಕ್ಯಾಮೆರಾ ಎತ್ತಿಕೊಂಡೇ ನಿಂತಿದ್ದ. ಫೋನು ಜೇಬಿಗೆ ಹೋಯಿತು. ಓಣಿಯ ಮಂದಿಯೆಲ್ಲ ಬಾಗಿಲಿಗೆ ಬಂದಿದ್ದರು. ಏನು ನಗೆ ಅದು! ವರ್ಷಗಳಿಂದ ಅವರು ಒಟ್ಟಿಗೆ ನಕ್ಕಿರಲಿಲ್ಲ.

ಯಂಕೋಬನಿಗೆ ಮಾತ್ರ ಫಕ್ಕನೆ ಏನೋ ಹೊಳೆದಂತಾಯಿತು. ತಿರುಗಿ ಇನ್ನೊಂದು ಅಂಚಿಗೆ, ತನ್ನ ಹಳೇ ಮನೆಯ ಕಡೆಗೆ ದಡದಡ ನಡೆದ. ಅಂಚಿಗೆ ಬಂದವನು ಒಂದು ಕಾಲು ಮುಂದೆ ಚಾಚಿ ಗಕ್ಕನೆ ನಿಂತ. ಕೆಳಗೆ ಬರೀ ಜಾಲಿ.

ಓಣಿಯ ನಗೆ ನಿಂತುಹೋಯಿತು. ಹಳಬರಿಗೆಲ್ಲ ಅರ್ಥವಾಗಿತ್ತು, ಅವನ ಕಾಲು ಹುಡುಕಿದ್ದು ಏನನ್ನೆಂದು. ದಾವಲ್‌ಬೀ ಏಣಿಯ ಮೇಲಿಂದ ಅರ್ಧ ಎದ್ದಳು. ಆದರೂ ಸಿಟ್ಟೇ ಗೆದ್ದಿತು.

“ಯಾಕ ನಿಂತೆಪಾ? ನಿಮ್ಮಪ್ಪ ಕಟ್ಟಿಸಿದ ಮೆಟ್ಲ, ಇಳಿ!”

ಅವನು ಅಂಚಿನಿಂದ ಹಿಂದೆ ಸರಿದು ಚಪ್ಪಲಿ ಬಿಟ್ಟ, ಪೈಜಾಮ ಮೇಲಕ್ಕೆ ಮಡಚಿದ, ಮಣ್ಣಿನ ಗುಡ್ಡೆಗೆ ಕೈ ಹಾಕಿದ. ಅಧ್ಯಕ್ಷರು ಬಗ್ಗಿದ ಮೇಲೆ ಸದಸ್ಯರು ನೆಟ್ಟಗೆ ನಿಲ್ಲುವುದು ಹೇಗೆ? ಅವರೂ ಬಗ್ಗಿದರು. ಅವರ ತುಳಿತ ನೋಡಲಾರದೆ ಓಣಿಯ ನಾಲ್ಕಾರು ಹೆಂಗಸರು “ಹಂಗಲ್ರೀ, ಹಿಮ್ಮಡಿ ಒತ್ರಿ” ಎಂದು ಒದರಿದರು, ಕೊನೆಗೆ ನರಸಣ್ಣನ ಏಣಿ ಎತ್ತಿ ನಿಲ್ಲಿಸಿಕೊಂಡು ತಾವೇ ಹತ್ತಿದರು. ಏಣಿ ನಿಂತಿತ್ತು. ಯಂಕೋಬ ಇಳಿಯಲಿಲ್ಲ.

ಉದ್ಘಾಟನೆಯ ಸುದ್ದಿಯ ಜೊತೆ ಪೇಪರಿನಲ್ಲಿ ಬಂದದ್ದು ಮೊದಲಿನ ಫೋಟೋ, ಬಿಳಿ ಬಟ್ಟೆ, ನಗುಮುಖ. ದಾವಲ್‌ಬೀ ಅದನ್ನು ಹರಿದು ಖಾರದ ಪುಡಿ ಕಟ್ಟಿಕೊಟ್ಟಳು.

ಮೊದಲ ದೊಡ್ಡ ಮಳೆ ಜಡಿದ ಮಧ್ಯಾಹ್ನ ಯಂಕೋಬನ ಫೋನು ಬಂತು. “ಚಿಗವ್ವ, ಸೋರಿಲ್ಲಲ್ಲ?”

ದಾವಲ್‌ಬೀ ತಲೆ ಎತ್ತಿ ಜಂತಿಗಳನ್ನು ನೋಡಿದಳು. ಕೆಳಗೆ ಮೆಣಸಿನಕಾಯಿ ಚೀಲಗಳು ಒಣಗಿಯೇ ಇದ್ದವು.

“ಇಲ್ಲ,” ಎಂದಳು. “ಬರೋ ವರ್ಷ ಬರುವಾಗ ಮೆಟ್ಲ ತಗೊಂಡು ಬಾ.”