ಸೆಲ್ಫ್ ಮರೆಯುತ್ತಿದ್ದ ಗಿರಿಜಾ ಮೇಡಂ

ಗಿರಿಜಾ ಮೇಡಂಗೆ ಚಹಾದ ಲೆಕ್ಕ ಮಾತ್ರ ಯಾವತ್ತೂ ಹತ್ತಲಿಲ್ಲ. ಕೊಪ್ಪಳದ ಭಾಗ್ಯನಗರದ ನಮ್ಮ ಕಂಪ್ಯೂಟರ್ ಕ್ಲಾಸಿನಲ್ಲಿ ಸಂಜೆ ಎಲ್ಲರ ತಲೆ ಎಣಿಸಿ ಹೋಟೆಲಿಗೆ ಹೇಳಿ ಕಳಿಸುವವರು ಅವರೇ. ಚಹಾ ಬಂದ ಮೇಲೆ ನೋಡಿದರೆ ಒಂದು ಕಪ್ಪು ಕಡಿಮೆ. ತಮ್ಮನ್ನೇ ಎಣಿಸಿಕೊಂಡಿರುತ್ತಿರಲಿಲ್ಲ ಪುಣ್ಯಾತ್ಗಿತ್ತಿ! ನನಗೇನು ಅಂಥಾ ಚಟ ಇಲ್ಲ ಬಿಡ್ರಿ ಅನ್ನುವರು, ಕಣ್ಣು ಮಾತ್ರ ನಮ್ಮ ಕಪ್ಪಿನ ಮೇಲೇ ಇರುತ್ತಿತ್ತು.

ಇಂಥವರು ನಮಗೆ ಪೈಥಾನ್ ಎಂಬ ಕಂಪ್ಯೂಟರ್ ಭಾಷೆಯಲ್ಲಿ ಸೆಲ್ಫ್, ಅಂದರೆ ‘ತಾನು’ ಎನ್ನುವ ಪದ ಕಲಿಸಿದರು ಅಂದರೆ ಈಗಲೂ ನಗು ಬರುತ್ತದೆ.

ಡಿಗ್ರಿ ಮುಗಿಸಿ ಕೂತಿದ್ದ ನಾನು ಕುಷ್ಟಗಿಯಿಂದ ದಿನಾ ಬಸ್ಸಿಗೆ ಬರುತ್ತಿದ್ದೆ. ಪೈಥಾನಿನಲ್ಲಿ ಕ್ಲಾಸ್ ಅಂದರೆ ಅಚ್ಚು, ಆ ಅಚ್ಚಿನಿಂದ ಎಷ್ಟು ಬೇಕಾದರೂ ಆಬ್ಜೆಕ್ಟ್ ಮಾಡಬಹುದು ಎನ್ನುವುದೇನೋ ತಿಳಿದಿತ್ತು. ಅದರೊಳಗಿನ ಫಂಕ್ಷನ್ನಿನ ಬ್ರಾಕೆಟ್ಟಿನಲ್ಲಿ ಮೊದಲಿಗೇ ಈ ಸೆಲ್ಫ್ ಯಾಕೆ ಬರೀಬೇಕೋ ತಲೆಗೆ ಹೋಗಲಿಲ್ಲ. ಬಿಟ್ಟೇ ಬರೆದೆ. ಬ್ರಾಕೆಟ್ಟಿನಲ್ಲಿ ಏನೂ ಕೊಡದೆ ಕರೆದರೂ ಒಂದೇನೋ ಬಂದಿದೆ ಎಂದು ಕಂಪ್ಯೂಟರು ತಕರಾರು ತೆಗೆಯಿತು. ನನಗೋ ಸಿಟ್ಟು ನೆತ್ತಿಗೇರಿತು. ಕೊಟ್ಟೇ ಇಲ್ಲ, ಬಂತು ಅಂದರೆ ಎಲ್ಲಿಂದ ಬಂತು?

ಮೇಡಂ ಸ್ಟೂಲು ಎಳೆದುಕೊಂಡು ಪಕ್ಕದಲ್ಲಿ ಕೂತರು.

"ಹೆಸರು ಹೇಳು ಅಂತ ಅಚ್ಚಿನ್ಯಾಗ ಒಮ್ಮೆ ಬರದೀವಿ. ಇಲ್ಲಿ ನಿನ್ನ ಬಾಜೂಕ ಕುಂತ ರತ್ನಾನ್ನ ಕರದ್ರ ರತ್ನಾ ತನ್ನ ಹೆಸರು ಹೇಳಬೇಕು, ನಿನ್ನ ಕರದ್ರ ನೀ ನಿಂದು ಹೇಳಬೇಕು. ಯಾರನ್ನ ಕರೀತೀವಿ, ಆಗ ಸೆಲ್ಫ್ ಅಂದ್ರ ಅವರು. ಕರದ ಕೂಡ್ಲೇ ತಾವಾಗೇ ಒಳಗ ಬರ್ತಾರವಾ. ನೀ ಅವರಿಗೆ ಕುಂದ್ರಾಕ ಜಾಗಾನ ಇಟ್ಟಿಲ್ಲ."

ಅವತ್ತಿನಿಂದ ನಾನು ಸೆಲ್ಫ್ ಮರೆತಿಲ್ಲ. ಅದೇ ಸಂಜೆ ಚಹಾ ಮತ್ತೆ ಒಂದು ಕಡಿಮೆ ಬಿತ್ತು. ಮೇಡಂ, ನೀವೂ ಸೆಲ್ಫ್ ಬಿಟ್ಟೀರಿ ನೋಡ್ರಿ ಅಂದೆ. ಎಲ್ಲರೂ ನಕ್ಕರು, ಅವರೂ ನಕ್ಕರು.

"ನನ್ನ ಯಾರು ಕರೀತಾರಂತ ಜಾಗಾ ಇಟ್ಟುಗೊಳ್ಳಲಿ?" ಅಂದರು ಆಮೇಲೆ.

ಮುಂದೆ ಆ ಕ್ಲಾಸು ಮುಚ್ಚಿತು. ನನಗೆ ಗಂಗಾವತಿಯ ಕಾಲೇಜೊಂದರಲ್ಲಿ ಪಾಠ ಹೇಳುವ ಕೆಲಸ ಸಿಕ್ಕಿತು. ಪೇಢೆ ಹಿಡಿದು ಮೇಡಂ ಮನೆಗೆ ಹೋದೆ. ಒಂದೇ ಕೋಣೆ, ಒಂದೇ ಜೀವ. ನನ್ನನ್ನು ನೋಡಿ ಅವರಿಗಾದ ಸಂತೋಷ ಹೇಳತೀರದು. ಲೋಟದಲ್ಲಿ ನೀರು ಕೊಟ್ಟರು, ಗಡಿಬಿಡಿಯಲ್ಲಿ ಚಹಾ ಮಾಡಿ ಕಪ್ಪು ನನ್ನ ಕೈಗಿಟ್ಟು ಎದುರಿಗೆ ಕೂತರು. ನಿಮ್ಮದೆಲ್ಲಿ ಅಂದರೆ ನೀ ಕುಡಿ ಮೊದಲು ಅಂದರು. ಹಳೇ ಚಾಳಿ ಎಂದುಕೊಂಡು ನಾನೇ ತರಲು ಎದ್ದೆ. ಪಾತ್ರೆಯಲ್ಲಿ ಚಹಾ ಇತ್ತು. ಹಾಕಿಕೊಳ್ಳಲು ಕಪ್ಪಿರಲಿಲ್ಲ. ಒಲೆಯ ಕಟ್ಟೆಯ ಮೇಲೆ ಒಂದು ತಾಟು, ಕಪ್ಪಿನಡಿ ಇಡುವ ಒಂದು ಬಶಿ. ಆ ಮನೆಯಲ್ಲಿದ್ದ ಒಂದು ಲೋಟ, ಒಂದು ಕಪ್ಪು ಎರಡೂ ನನಗೇ ಬಂದಿದ್ದವು.

"ಯಾರೂ ಬರಂಗಿಲ್ಲವಾ. ಒಂದ ಸಾಕಾಗ್ತೈತಿ" ಅಂದರು.

ನನ್ನ ಪಾಲು ಬಶಿಗೆ ಸುರುವಿಕೊಂಡು ಕಪ್ಪನ್ನು ಅವರ ಕೈಗಿಟ್ಟೆ. ಇಬ್ಬರೂ ಕುಡಿದೆವು.

ಮತ್ತೊಮ್ಮೆ ಕೊಪ್ಪಳಕ್ಕೆ ಹೋದಾಗ ಹೂವಿನ ಚಿತ್ರದ ಕಪ್ಪೊಂದನ್ನು ಕೊಂಡು ಒಯ್ದೆ. ಬಾಗಿಲಿಗೆ ಬೀಗ. ಮೇಡಂ ಎದೆನೋವು ಅಂದರಂತೆ, ಉಳಿಯಲಿಲ್ಲವಂತೆ, ತಿಂಗಳ ಮೇಲಾಯಿತಂತೆ. ಯಾರಿಗೆ ಫೋನ್ ಮಾಡಬೇಕೋ ನಮಗೂ ಗೊತ್ತಾಗಲಿಲ್ಲರಿ ಅಂದರು ಮನೆ ಮಾಲಕರು.

ಆ ಕಪ್ಪು ಈಗ ಗಂಗಾವತಿಯ ನನ್ನ ಕೋಣೆಯಲ್ಲಿದೆ. ನಾನೂ ಒಬ್ಬಳೇ. ನನ್ನದರ ಜೊತೆಗೆ ಅದನ್ನೂ ದಿನಾ ತೊಳೆದಿಡುತ್ತೇನೆ. ಅದರಲ್ಲಿ ಇವತ್ತಿನವರೆಗೆ ಯಾರೂ ಕುಡಿದಿಲ್ಲ.